ಮಲಗಿಕೊಂಡೇ ಚಿಗುರುವ ಮರಗಳು

ಬೂದಿಯ ಪೆಟ್ಟಿಗೆಯನ್ನು ಲೈಲ್ ಟ್ರಕ್ಕಿನ ಹಿಂದಿನ ಸೀಟಿನಲ್ಲಿಡಲು ಹೋದ. ವರ್ನಾ ಅದನ್ನು ಅವನ ಕೈಯಿಂದ ಕಿತ್ತುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಬೀಳಲ್ಲ ಬಿಡಿ ಅತ್ತಿಗೆ," ಎಂದ ಲೈಲ್. ತೀರಿಕೊಂಡ ಹಾರ್ಲನ್‌ನ ತಮ್ಮ ಅವನು.

"ಬೀಳುತ್ತೆ ಅಂತಲ್ಲ ಕಣೋ. ಜನ್ಮವೆಲ್ಲ ಮುಂದಿನ ಸೀಟಲ್ಲೇ ಕೂತೋನು ನಿಮ್ಮಣ್ಣ. ಇವತ್ತು ಹಿಂದಕ್ಕೆ ಹಾಕ್ತೀಯಾ?"

ಚರ್ಚಿನಲ್ಲಿ ಪ್ರಾರ್ಥನೆ ಮುಗಿದಿತ್ತು. ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ಚು, ತೆಳ್ಳನೆಯ ಕಾಫಿ ಎಲ್ಲವೂ ಆಗಿತ್ತು. ಬಂದ ಗಂಡಸರಲ್ಲಿ ಅರ್ಧ ಜನ ಕರಿ ಕೋಟಿನೊಳಗೆ ಕಿತ್ತಳೆ ಬಣ್ಣದ ಶಿಕಾರಿ ಅಂಗಿ ತೊಟ್ಟೇ ಬಂದಿದ್ದರು. ಬೆಳಗಾದರೆ ಜಿಂಕೆ ಶಿಕಾರಿಯ ಮೊದಲ ದಿನ. ವಿಸ್ಕಾನ್ಸಿನ್ನಿನ ಆ ಮೂಲೆಯಲ್ಲಿ ಸಾವು ಕೂಡ ಆ ದಿನಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಬೇಕು. ಹಾರ್ಲನ್ ಒಂದು ದಿನ ಮುಂಚೆಯೇ ಎಲ್ಲ ಮುಗಿಸಿಕೊಟ್ಟು ಉಪಕಾರ ಮಾಡಿದ ಎಂದು ಯಾರೋ ಅಂದಾಗ ವರ್ನಾಳಿಗೂ ನಗು ಬಂದಿತ್ತು.

ಮನೆಯಂಗಳದಲ್ಲಿ ಪಕ್ಕದ ಜಮೀನಿನ ಡುವೇನ್ ಕಾಯುತ್ತಿದ್ದ. ವರ್ಷಾ ವರ್ಷಾ ಹಾರ್ಲನ್‌ನ ಕಾಡಿನಲ್ಲೇ ಕೋವಿ ಹಿಡಿದು ಕೂರುವವನು. ಅವನ ಮನೆ ಗೋಡೆಯ ಮೇಲಿರುವ ಕೊಂಬುಗಳೆಲ್ಲ ಇಲ್ಲಿಯವೇ.

"ವರ್ನಾ, ತಪ್ಪು ತಿಳ್ಕೋಬೇಡ. ಬೂದಿ ಹಾಕೋದನ್ನ ಶಿಕಾರಿ ಮುಗಿದ್ಮೇಲೆ ಇಟ್ಕೊಂಡ್ರೆ ಆಗಲ್ವಾ? ಒಳಗಿನ ಪೊದೆಗೆ ಮನುಷ್ಯರ ವಾಸನೆ ತಾಗಿದ್ರೆ ಒಂದು ಜಿಂಕೆನೂ ನಿಲ್ಲಲ್ಲ. ಹಾರ್ಲನ್ ಮಾಡಿದ ಕಟ್ಟುನಿಟ್ಟೇ ಅದು."

"ಅಲ್ಲೇ ಹಾಕು ಅಂದಿದ್ದೂ ಅವನೇ."

"ಅಂದಿದಾನೆ. ಯಾವಾಗ ಅಂತ ಅಂದಿಲ್ವಲ್ಲ."

"ಥೂ, ಸುಮ್ನಿರಯ್ಯ," ಎಂದ ಲೈಲ್. ಆಮೇಲೆ ತಾನೇ ತಗ್ಗಿದ ದನಿಯಲ್ಲಿ, "ಆದ್ರೂ ಅತ್ತಿಗೆ... ಒಂದೇ ವಾರದ ಮಾತು."

"ನನ್ನ ಮಗ ಸತ್ತ ಜಾಗ ನಾನಿನ್ನೂ ನೋಡಿಲ್ಲ ಲೈಲ್," ಎಂದಳು ವರ್ನಾ. "ಅವನಪ್ಪ ನೋಡಿದ. ನೀವೆಲ್ಲ ಸೇರಿ ಹೊತ್ಕೊಂಡು ಬಂದ್ರಿ. ಜಿಂಕೆಗಳೂ ನೋಡಿವೆ. ಬಾಕಿ ಇರೋಳು ನಾನೊಬ್ಬಳೇ."



*

ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ, ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕುವುದು ಅಲ್ಲಿಯ ಪದ್ಧತಿ. ಅಜ್ಜಂದಿರ ಅಂಗಿಯಂಚುಗಳೂ ಅಲ್ಲಿ ತೂಗುತ್ತಿದ್ದವು. ಮಗ ಕರ್ಟ್ ಆಗ ಮೀಸೆ ಬೆಳೆಸಲು ಒದ್ದಾಡುತ್ತಿದ್ದ ವಯಸ್ಸಿನವನು. ಕಣ್ಣೆದುರಿಗೇ ನಿಂತಿದ್ದ ದೊಡ್ಡ ಗಂಡು ಜಿಂಕೆಗೆ ಗುರಿ ತಪ್ಪಿದ. ಹಾರ್ಲನ್ ತಾನೇ ಚಾಕು ತೆಗೆದು ಮಗನ ಕೆಂಪು ಚೌಕಳಿ ಅಂಗಿ ಕತ್ತರಿಸಿದ. ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಕರ್ಟ್ ಎಲ್ಲರಿಗಿಂತ ಜೋರಾಗಿ ನಕ್ಕ.

ಮರುದಿನ ಯಾರೂ ಏಳುವ ಮುಂಚೆ ಅವನೊಬ್ಬನೇ ಹೋಗಿ ಹಳೆಯ ಓಕ್ ಮರದ ಅಟ್ಟಣೆ ಹತ್ತಿದ. ಮೆಟ್ಟಿಲ ಮೇಲೆಲ್ಲ ಮಂಜು ಗಟ್ಟಿಯಾಗಿತ್ತು. ಬಿದ್ದವನು ಏಳಲಿಲ್ಲ.

ಆ ಚಳಿಗಾಲದಲ್ಲೇ ಹಾರ್ಲನ್ ಗರಗಸ ಹಿಡಿದು ಕಾಡಿನ ಒಳಹೊಕ್ಕ. ಓಕ್ ಮರದ ಸುತ್ತಲ ಮರಗಳನ್ನು ಅರ್ಧಕ್ಕೆ ಕೊಯ್ದು ಬಾಗಿಸಿದ. ಜಿಂಕೆಗೆ ಮೇವು, ಮರೆ ಎರಡೂ ಆಗುತ್ತದೆ, ಇನ್ನು ಅಲ್ಲಿಗೆ ಯಾರೂ ಕಾಲಿಡಬಾರದು ಎಂದ. ಶಿಕಾರಿಯವರೆಲ್ಲ ಒಪ್ಪಿದರು. ಒಳಗೆ ಜಿಂಕೆಗೆ ನೆಮ್ಮದಿಯಿದ್ದರೆ ಹೊರಗೆ ಬೇಟೆ ಎಂಬುದು ಅವರಿಗೆ ಗೊತ್ತಿದ್ದ ಲೆಕ್ಕ.

"ಪೂರ್ತಿ ಕಡಿಯಬಾರದು," ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದ. "ಒಂಚೂರು ತೊಗಟೆ ಬಿಟ್ರೆ ಸಾಕು, ಸಾಯಲ್ಲ. ಮಲಗಿಕೊಂಡೇ ಚಿಗುರುತ್ತೆ."

ವರ್ನಾಳ ಕೈಯಲ್ಲಿದ್ದ ಚಮಚ ನಿಲ್ಲುತ್ತಿತ್ತು. ಮಗನ ಹೆಸರು ಮಾತ್ರ ಆ ಬಾಯಿಂದ ಮತ್ತೆಂದೂ ಬರಲಿಲ್ಲ. ಶಿಕಾರಿಯ ಮೊದಲ ದಿನ ಬೆಳಕು ಹರಿಯುವ ಮುಂಚೆ ಹೊರಟವನು ಬರಿಗೈಯಲ್ಲಿ ಬರುತ್ತಿದ್ದ. ಕೋಟಿನ ಬೆನ್ನಿಗೆಲ್ಲ ಒಣಗಿದ ಎಲೆ, ಜಿಂಕೆಯ ಗಬ್ಬು ವಾಸನೆ. ಎಲೆ ಬಿಡಿಸುತ್ತ ವರ್ನಾ ಏನೂ ಕೇಳುತ್ತಿರಲಿಲ್ಲ. ಆ ದುಃಖವನ್ನು ಅವನೊಬ್ಬನೇ ಬಾಚಿಕೊಂಡು ಕಾಡಿಗೆ ಒಯ್ದಿದ್ದಾನೆ, ತನಗೊಂದು ಚೂರೂ ಬಿಟ್ಟಿಲ್ಲ ಎಂದು ಅವಳಿಗೆ ಒಳಗೊಳಗೇ ಸಿಟ್ಟಿತ್ತು.

*

ಗೂಟದಲ್ಲಿ ತೂಗುತ್ತಿದ್ದ ಹಾರ್ಲನ್‌ನ ಕೋಟನ್ನೇ ವರ್ನಾ ಚಳಿಗೆಂದು ಹಾಕಿಕೊಂಡಳು. ಕೊಟ್ಟಿಗೆ ದಾಟುವಾಗ ಗೋಡೆಯ ಸಾಲಿನಲ್ಲಿ ಕರ್ಟ್‌ನ ಅಂಗಿಯಂಚು ತೂಗಬೇಕಿದ್ದ, ಬಟ್ಟೆಯಿಲ್ಲದ ಆ ಒಂದು ಮೊಳೆ ಕಣ್ಣಿಗೆ ಬಿತ್ತು.

"ನಾನೂ ಬರ್ತೀನಿ ಅತ್ತಿಗೆ."

"ಬೇಡ. ಡುವೇನ್‌ಗೆ ಕಾಫಿ ಮಾಡ್ಕೊಡು. ಪಾಪ, ಸತ್ತವನಿಗಿಂತ ಅವನದ್ದೇ ಕಷ್ಟ."

ಡುವೇನ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ಓಡಿಹೋಗ್ತವೆ ನೋಡ್ತಿರು, ಎಲ್ಲಾ ಓಡಿಹೋಗ್ತವೆ," ಎಂದು ಅವಳ ಬೆನ್ನಿಗೆ ಹೇಳಿದ.

ಬಾಗಿದ ಮರಗಳ ಕೆಳಗೆ ಅಂಬೆಗಾಲಿಟ್ಟೇ ಹೋಗಬೇಕಾಯಿತು. ಎಲ್ಲವೂ ಬಿದ್ದಿದ್ದವು, ಒಂದೂ ಸತ್ತಿರಲಿಲ್ಲ. ಅಡ್ಡ ಮಲಗಿದ ಕಾಂಡಗಳಿಂದ ಎಳೆಯ ಕೊಂಬೆಗಳು ನೆಟ್ಟಗೆ ಮೇಲೆದ್ದಿದ್ದವು. ಒಳಗೆ ಗಾಳಿಯೂ ಇರಲಿಲ್ಲ. ಯಾರೋ ಉಸಿರು ಬಿಗಿಹಿಡಿದು ತನ್ನನ್ನೇ ನೋಡುತ್ತಿರುವಂತೆ ವರ್ನಾಳಿಗೆ ಅನಿಸಿತು.

ಓಕ್ ಮರ ಸಿಕ್ಕಿತು. ಅಟ್ಟಣೆಯ ಮೆಟ್ಟಿಲುಗಳನ್ನು ತೊಗಟೆ ಅರ್ಧ ನುಂಗಿತ್ತು. ಅವಳ ಎದೆಮಟ್ಟದಲ್ಲೊಂದು ಮೊಳೆ, ಅದರಲ್ಲಿ ಬಿಳಿಚಿಕೊಂಡ ಬಟ್ಟೆ. ಮಡಿಕೆ ಬಿಡಿಸಿದಾಗ ಒಳಗೆ ಕೆಂಪು ಚೌಕಳಿ ಇನ್ನೂ ಇತ್ತು. ಮರದ ಬುಡದ ಎಲೆಗಳಲ್ಲಿ ಜಿಂಕೆಗಳು ಮಲಗೆದ್ದ ದುಂಡನೆಯ ತಗ್ಗುಗಳು. ಅವುಗಳ ನಡುವೆ ಒಂದು ಮಾತ್ರ ಉದ್ದಕ್ಕಿತ್ತು. ಎಲೆ ಸವೆದು ಮಣ್ಣು ಕಾಣುತ್ತಿತ್ತು. ತಲೆಯಿಡುವ ಕಡೆ ಒಂದು ಗುಳಿ, ಹೆಗಲಿನ ಕಡೆ ಅಗಲ. ಆ ಮೈಯ ಅಳತೆ ವರ್ನಾಳಿಗೆ ಗೊತ್ತಿತ್ತು. ಅದರ ಪಕ್ಕದಲ್ಲೇ ಜನ್ಮವಿಡೀ ಮಲಗಿದ್ದಳು.

"ಇಲ್ಲಿ ಬಂದು ಮಲಗ್ತಿದ್ದೆಯೇನೋ," ಎಂದಳು. "ನನ್ನನ್ನೂ ಒಂದಿನ ಕರೀಬಾರದಿತ್ತಾ?"

ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಬೇರಿನ ಮೇಲೆ ಕೂತು ಅತ್ತಳು. ಎಷ್ಟೋ ಹೊತ್ತಿಗೆ ತಲೆಯೆತ್ತಿದಾಗ ಹೆಣ್ಣು ಜಿಂಕೆಯೊಂದು ಹತ್ತಿರದಲ್ಲೇ ನಿಂತಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಓಡಲಿಲ್ಲ. ಮೂತಿ ಚಾಚಿ ಹಾರ್ಲನ್‌ನ ಕೋಟಿನ ವಾಸನೆ ಹಿಡಿದವು. ಆಮೇಲೆ ಒಂದೊಂದಾಗಿ ಬಂದು, ಮುಂಗಾಲು ಮಡಿಸಿ, ತಮ್ಮ ತಮ್ಮ ತಗ್ಗಿನಲ್ಲಿ ಮಲಗಿದವು. ನಡುವಿನ ಉದ್ದನೆಯದೊಂದನ್ನು ಮಾತ್ರ ಹಾಗೇ ಬಿಟ್ಟು, ಅವಳ ಕಡೆ ನೋಡುತ್ತಿದ್ದವು.