ಟಯರಿಗೂ ಒಂದು ಸಾಲು

ನನ್ನ ಬೈಗುಳ ತಾಳಲಾರದೆ ಇಬ್ಬರು ಕಂಡಕ್ಟರುಗಳು ಬಿಟ್ಟುಹೋಗಿದ್ದರು. ಮೂರನೆಯವನೂ ಹೋದರೆ ತೀರ್ಥಹಳ್ಳಿ–ಸಾಗರ ಬಸ್ಸಿನ ಸ್ಟೇರಿಂಗ್ ನಿನಗಿಲ್ಲ ಎಂದು ಮಾಲೀಕರು ಹೇಳಿದರು. ಹೆಂಡತಿ ಕುಮುದಾ ಒಂದು ನೋಟ್‌ಬುಕ್ ಕೊಟ್ಟು, "ದಿನಾ ಒಂದಕ್ಕಾದ್ರೂ ಥ್ಯಾಂಕ್ಸ್ ಬರೀರಿ, ಸಿಟ್ಟು ಇಳಿಯುತ್ತೆ" ಎಂದಳು. ಬರೆದೆ: ಬ್ರೇಕ್ ಹಿಡಿಯಿತು. ಟಯರ್ ಪಂಕ್ಚರ್ ಆಗಲಿಲ್ಲ. ಯಾರೂ ವಾಂತಿ ಮಾಡಲಿಲ್ಲ.

ಹತ್ತನೆಯ ದಿನ ಹೊಸನಗರದಲ್ಲಿ ನಾನು ಚಹಾ ಕುಡಿದು ಬರುವಷ್ಟರಲ್ಲಿ ಮೂರನೆಯ ಕಂಡಕ್ಟರ್ ಶೇಷಪ್ಪ ಆ ಪುಸ್ತಕ ಓದುತ್ತಿದ್ದ.

"ಎಂತ ಮಾರಾಯ, ಟಯರಿಗೂ ಥ್ಯಾಂಕ್ಸ್ ಇದೆ, ನಂಗಿಲ್ವಾ? ನಾಳೆಯಿಂದ ಆ ಟಯರೇ ಟಿಕೆಟ್ ಹರೀಲಿ. ನಾ ಬೇರೆ ಬಸ್ಸಿಗೆ ಹೋಗ್ತೀನಿ."

ಬೈಯಲು ಬಾಯಿ ತೆರೆದವನು ಮಾಲೀಕರ ಮಾತು ನೆನೆದು ಬಸ್ಸು ಹೊರಡಿಸಿದೆ.

ಮುಂದೆ ಕಿರಿದಾದ ತಿರುವಿನಲ್ಲಿ ಲಾರಿ ಎದುರಾಯಿತು. ನಾವೇ ಹಿಂದೆ ಸರಿಯಬೇಕಿತ್ತು. ರಸ್ತೆಯ ಅಂಚು ಕನ್ನಡಿಯಲ್ಲಿ ಕಾಣುವುದಿಲ್ಲ, ಪಕ್ಕದಲ್ಲಿ ಆಳದ ಹಳ್ಳ. ಶೇಷಪ್ಪ ಇಳಿದು ಸೀಟಿ ಊದಿದ. ಆ ಸದ್ದೊಂದನ್ನೇ ನಂಬಿ ನಲವತ್ತು ಜನರನ್ನು ಹಿಂದಕ್ಕೆ ಒಯ್ದೆ, ದಿನವೂ ಒಯ್ಯುವ ಹಾಗೆ.

ಸಾಗರದಲ್ಲಿ ಜನ ಇಳಿದ ಮೇಲೆ ಅವನೆದುರೇ ಬರೆದೆ: ಶೇಷಪ್ಪ ಸೀಟಿ ಊದಿದ, ಬಸ್ಸು ರಸ್ತೆಯ ಮೇಲಿದೆ.

ಅವನು ಎರಡು ಸಲ ಓದಿದ. "ನಾಳೆ ಆರೂವರೆಗಾ?"

"ಆರೂಕಾಲಿಗೆ ಬಂದು ಸಾಯಿ" ಎಂದೆ.