ತೋಟಾದ ಒಳಗೋಡೆ

ಪಕ್ಕದ ದನದ ರ‍್ಯಾಂಚಿನ ಆರಿನ್ ಕಳ್ಳ ಎಂದೇ ನಾನು ತೀರ್ಮಾನಿಸಿದ್ದೆ. ನಮ್ಮಿಬ್ಬರ ಕೋವಿಗಳೂ ಒಂದೇ ಮಾದರಿಯವು. ಅವಕ್ಕೆ ಹೊಂದುವ ತೋಟಾ ಮಾಡುವವರು ನಮ್ಮ ಮೊಂಟಾನಾದಲ್ಲಷ್ಟೇ ಅಲ್ಲ, ಈಗ ಎಲ್ಲಿಯೂ ಇಲ್ಲ. ಹಾರಿಸಿದ ಹಿತ್ತಾಳೆ ತೋಟಾವನ್ನೇ ಹೆಕ್ಕಿ ತಂದು, ಅಚ್ಚಿನಲ್ಲಿ ಒತ್ತಿ ಅಳತೆಗೆ ತಂದು, ಕೇಪು, ಮದ್ದು, ಗುಂಡು ತುಂಬಿ ಮತ್ತೆ ಹಾರಿಸಬೇಕು. ಹಳೆಯ ತೋಟಾಗಳ ಒಂದೇ ಡಬ್ಬಿಯನ್ನು ಅರ್ಧರ್ಧ ಹಂಚಿಕೊಂಡಿದ್ದೆವು. ನನ್ನವು ಐದಾರು ಸಲಕ್ಕೇ ಬುಡದ ಹತ್ತಿರ ಮುರಿದು ಕೈಕೊಟ್ಟವು, ಉಳಿದದ್ದು ಎರಡು. ಅವನವು ವರ್ಷಗಟ್ಟಲೆ ಹಾಗೇ ಇದ್ದವು. ಎಲ್ಲೋ ಸಿಕ್ಕ ಹೊಸ ಡಬ್ಬಿಯನ್ನು ನನಗೆ ಹೇಳದೆ ಬಚ್ಚಿಟ್ಟಿರಬೇಕು. ಶನಿವಾರ ಎಲ್ಕ್ ಜಿಂಕೆಯ ಬೇಟೆ ಶುರು. ಈ ಎರಡೂ ಹೋದರೆ ಚಿಕ್ಕಮ್ಮ ಕೊಟ್ಟ ಕೋವಿ ಗೋಡೆಗೆ ಅಲಂಕಾರ, ಅಷ್ಟೇ.

ಅವನ ಶೆಡ್ಡಿಗೆ ನುಗ್ಗಿದೆ. "ಹೊಸಾವು ಎಲ್ಲಿ ಬಚ್ಚಿಟ್ಟಿದೀಯ, ಹೇಳು."

"ಬಂದ್ಯಾ ಮಹಾತಾಯಿ? ಹುಡ್ಕು, ಸಿಕ್ರೆ ನಿಂಗೇ." ಆರಿನ್ ಕಾಫಿ ಹೀರಿದ. "ಅಚ್ಚು ಎಷ್ಟು ಕೆಳಗೆ ಇಳಿಸ್ತೀಯ ಆರ್ಲಿಸ್?"

"ಪೂರ್ತಿ. ನಿನ್ನ ಹಾಗೆ ಸೋಮಾರಿ ಅಲ್ಲ."

"ಅದ್ಕೇ ಸಾಯ್ತಾವೆ. ನೀನು ಹಿಂಡಿ ಗಿಡ್ಡ ಮಾಡ್ತೀಯ, ಹಾರ್ದಾಗ ಅದು ಮತ್ತೆ ಹಿಗ್ಗುತ್ತೆ. ಸಲಸಲಕ್ಕೂ ಹಿಂಗೇ ಆದ್ರೆ ಬುಡ ತೆಳ್ಳಗಾಗ್ದೆ ಇನ್ನೇನು? ನಾನು ತೋಟಾ ಒಳಗೆ ಕೂತು ಕೋವಿ ಮುಚ್ಕೊಳ್ಳೋವಷ್ಟೇ ಒತ್ತೋದು."

ನನ್ನ ಶಿಸ್ತೇ ಅವುಗಳನ್ನು ಕೊಂದಿತ್ತು! ನಾಚಿಕೆಗಿಂತ ಕುತೂಹಲ ಹೆಚ್ಚಾಯಿತು. ಆರಿನ್ ತುದಿ ಬಗ್ಗಿಸಿದ ತಂತಿಯನ್ನು ನನ್ನ ಎರಡು ತೋಟಾಗಳೊಳಗೂ ಆಡಿಸಿದ. ಬುಡ ತೆಳ್ಳಗಾಗಿ ಒಳಗೋಡೆಯಲ್ಲಿ ಗೀರು ಬಿದ್ದಿದ್ದರೆ ತಂತಿಯ ತುದಿ ಅಲ್ಲಿ ತೊಡರುತ್ತದೆ. ಎರಡರಲ್ಲೂ ಕೊಂಚ ತೊಡರಿತು.

"ಗೀರೋ ಮಸಿಯೋ, ಹೇಳಕ್ಕಾಗಲ್ಲ," ಎಂದ.

"ಒಂದನ್ನ ಕೊಯ್ದು ನೋಡಿದ್ರೆ?"

"ಹುಚ್ಚೇನೇ? ಚೆನ್ನಾಗಿದ್ರೆ ಹಾಳಾಯ್ತಲ್ಲ! ಆಮೇಲೆ ನನ್ನ ಕೇಳ್ಬೇಡ. ನನ್ನ ಬಾಯಲ್ಲಿರೋ ಹಲ್ ಸೆಟ್ ಬೇಕಾದ್ರೆ ಕಿತ್ತು ಕೊಡ್ತೀನಿ, ತೋಟಾ ಕೊಡಲ್ಲ."

ತಿಳಿಯದೆ ಇರಲು ನನ್ನಿಂದ ಆಗಲಿಲ್ಲ. ಗರಗಸ ತೆಗೆದು ಒಂದನ್ನು ಉದ್ದಕ್ಕೆ ಸೀಳಿದೆ. ಬುಡದವರೆಗೂ ಗಟ್ಟಿಮುಟ್ಟು, ಬರೀ ಮಸಿ. ಆರಿನ್ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ಅಳುವೇ ಬಂತು.

ಇನ್ನೊಂದನ್ನು ಅವನ ಹಾಗೆಯೇ ಹದವಾಗಿ ಒತ್ತಿ ತುಂಬಿದೆ. ಶನಿವಾರ ಬೆಟ್ಟದ ಇಳಿಜಾರಿನಲ್ಲಿ ಎಲ್ಕ್ ಒಂದು ಎದುರಾಯಿತು. ಹಾರಿಸಿದೆ. ಕೋವಿಯ ಹಿಡಿ ಎಳೆದಾಗ ತೋಟಾ ಚಿಮ್ಮಿ ಹಿಮಕ್ಕೆ ಬಿತ್ತು. ಇಡಿಯಾಗಿ ಬಂತೋ, ಅರ್ಧ ಒಳಗೇ ಸಿಕ್ಕಿಕೊಂಡಿತೋ ಕಾಣಲಿಲ್ಲ. ಕೈಗವಸು ಕಿತ್ತೆಸೆದು, ಮೊಣಕಾಲೂರಿ ಹಿಮ ಬಗೆದೆ.

"ಬಿತ್ತೇನೇ?" ಜೊತೆಗೆ ಬೇಟೆಗೆ ಬಂದಿದ್ದ ಆರಿನ್ ಕೆಳಗಿನಿಂದ ಕೂಗಿದ.

"ಇಡೀ ಇದೆ ಕಣೋ! ಒಂದು ಬಿರುಕೂ ಇಲ್ಲ!"

"ಎಲ್ಕ್ ಕಣೇ, ಎಲ್ಕ್!"

ತಲೆಯೆತ್ತಿ ನೋಡಿದೆ. ಗುಂಡು ತಪ್ಪಿ ಅದು ಆಗಲೇ ಕಾಡು ಸೇರಿತ್ತು. ನನಗೆ ಒಂದಿಷ್ಟೂ ಬೇಜಾರಾಗಲಿಲ್ಲ.