ಅಂಕಮ್ಮನ ಪಕ್ಕದ ಕತ್ತಲು

ನನ್ನ ಗಂಡ ಪಿಳ್ಳಣ್ಣನವರು ಬಿಳಿ ಬಿಟ್ಟು ಬೇರೆ ಬಣ್ಣ ಹಾಕುವುದಿಲ್ಲ. ಸಾರಕ್ಕಿಯಲ್ಲಿ ನಾಲ್ಕು ಮನೆ ಬಾಡಿಗೆಗೆ ಬಿಟ್ಟವರು, ನಮ್ಮ ಬೀದಿಯ ಗಣೇಶ ಸಮಿತಿಯ ಅಧ್ಯಕ್ಷರು, ಹಾಗಾಗಿ ಬಿಳಿ ಪ್ಯಾಂಟು, ಬಿಳಿ ಶರಟು, ಬಿಳಿ ಚಪ್ಪಲಿ. ಹಗಲು ಹೊತ್ತಿನಲ್ಲಿ ಇದರಿಂದ ತೊಂದರೆ ಏನಿದ್ದರೂ ಒಗೆಯುವವಳಿಗೆ ಮಾತ್ರ. ರಾತ್ರಿ ಫೋಟೋ ತೆಗೆಯಲು ಶುರುಮಾಡಿದ ಮೇಲೆ ನನಗೆ ಗೊತ್ತಾಯಿತು, ಮೂವತ್ತೊಂದು ವರ್ಷದಿಂದ ನಾನು ಸಂಸಾರ ಮಾಡುತ್ತಿರುವುದು ಒಂದು ಟ್ಯೂಬ್‌ಲೈಟಿನ ಜೊತೆ ಎಂದು.

ಫೋಟೋ ಹುಚ್ಚು ಹತ್ತಿದ್ದು ಮಹಡಿಯ ಮೇಲೆ. ಸಂಜೆ ಒಣಗಿದ ಬಟ್ಟೆ ತರಲು ಹೋದಾಗ ಕೆಳಗೆ ಜಂಕ್ಷನ್ನಿನಲ್ಲಿ ದೀಪಗಳು ಹತ್ತಿಕೊಳ್ಳುತ್ತಿದ್ದವು. ಹೆಗಲ ಮೇಲೆ ನಾಲ್ಕು ಬಿಳಿ ಶರಟು ಹಾಕಿಕೊಂಡೇ ಕ್ಲಿಕ್ಕಿಸುತ್ತಿದ್ದೆ. ಮಹಡಿಯ ಒಂಟಿ ರೂಮಿನಲ್ಲಿ ಬಾಡಿಗೆಗಿರುವ ದಿವ್ಯ ಎಂಬ ಹುಡುಗಿ ಬಿಟಿಎಂ ಲೇಔಟಿನ ಕಂಪನಿಯೊಂದರಲ್ಲಿ ಡಿಸೈನರು. ಒಂದು ದಿನ ನನ್ನ ಫೋನನ್ನು ಇಣುಕಿ ನೋಡಿದಳು.

"ಚೆನ್ನಾಗಿದೆ ಆಂಟಿ. ಆದ್ರೆ ಇದೊಂದ್ರಲ್ಲೇ ನಾಲ್ಕು ಫೋಟೋ ಇದೆ. ನಿಮಗೆ ಯಾವ್ದು ಬೇಕು?"

ನಮ್ಮ ಮನೆಯಲ್ಲಿ ನನ್ನನ್ನು ಕೇಳುವ ಪ್ರಶ್ನೆ ಇವತ್ತು ಏನು ಸಾರು ಎಂಬುದು. ನನಗೇನು ಬೇಕು ಎಂದು ಕೇಳಿದವರಿಲ್ಲ. ಉತ್ತರ ಹೇಳಲು ನನಗೆ ಎರಡು ದಿನ ಹಿಡಿಯಿತು.

ಆಮೇಲೆ ಅವಳು ಕಲಿಸಿದಳು. ಕತ್ತಲಲ್ಲಿ ಯಾವುದು ಹೆಚ್ಚು ಬೆಳ್ಳಗಿದೆಯೋ ಕಣ್ಣು ಅಲ್ಲಿಗೇ ಓಡುತ್ತದಂತೆ. ಓಡಬಾರದ ಕಡೆಗೆ ಓಡಿದರೆ ಅಷ್ಟು ಭಾಗವನ್ನು ಕ್ರಾಪ್ ಮಾಡಿ ತೆಗೆಯಬೇಕು. ನಾನು ಮೆಡಿಕಲ್ ಸ್ಟೋರಿನ ಬೋರ್ಡು ತೆಗೆದೆ, ಸ್ಕೂಟರಿನ ಹೆಡ್‌ಲೈಟು ತೆಗೆದೆ, ಪಕ್ಕದ ಮನೆಯ ನೀರಿನ ಟ್ಯಾಂಕು ತೆಗೆದೆ. ವಾಲಿದ ಲೈಟುಕಂಬಗಳನ್ನು ನೆಟ್ಟಗೆ ನಿಲ್ಲಿಸಿದೆ, ಕಾರ್ಪೊರೇಷನ್ನಿನವರಿಗೆ ಆಗದ ಕೆಲಸ ಅದು. ಮೊದಮೊದಲು ಕತ್ತಲು ಕಂಡರೆ ಬೆಳಕು ಏರಿಸುತ್ತಿದ್ದೆ. ಆಕಾಶದ ತುಂಬ ರಾಗಿಹಿಟ್ಟು ಚೆಲ್ಲಿದ ಹಾಗೆ ಚುಕ್ಕೆ ಬರುತ್ತಿತ್ತು. ಕಪ್ಪನ್ನು ಕಪ್ಪಾಗಿಯೇ ಬಿಡಿ ಆಂಟಿ ಎಂದು ಅವಳು ಬೈದ ಮೇಲೆ ಬಿಟ್ಟೆ. ಕುಕ್ಕರಿನ ಒಂದು ಕೂಗಿಗೂ ಇನ್ನೊಂದು ಕೂಗಿಗೂ ನಡುವೆ ಎಷ್ಟು ಎಡಿಟಿಂಗ್ ಮಾಡಬಹುದು ಎಂಬುದು ನನಗೀಗ ಕರಾರುವಾಕ್ಕಾಗಿ ಗೊತ್ತು.

ನಮ್ಮತ್ತೆ ಮಂಗಮ್ಮನವರಿಗೆ ಮಾತ್ರ ಇದು ಹಿಡಿಸಲಿಲ್ಲ. ಒಮ್ಮೆ ನಾನು ಮೈದುನನ ಅರ್ಧ ಮುಖವನ್ನು ಫೋಟೋದಿಂದ ಆಚೆ ಹಾಕುವುದನ್ನು ನೋಡಿ ಹೌಹಾರಿದರು. ಬದುಕಿರುವವರ ಫೋಟೋಗೆ ಕತ್ತರಿ ಹಾಕಿದರೆ ಅವರ ಆಯಸ್ಸಿಗೆ ಕತ್ತರಿ ಎನ್ನುವುದು ನಮ್ಮ ಮನೆಯ ನಂಬಿಕೆ. ಯಾರದೋ ಹಳೆಯ ಪಾಸ್‌ಪೋರ್ಟ್ ಸೈಜಿನ ಫೋಟೋಗಳು ಕೂಡ ಟ್ರಂಕಿನಲ್ಲಿ ಹಾಗೇ ಇವೆ, ಅವರು ಸಾಯುವವರೆಗೆ ಎಸೆಯುವ ಹಾಗಿಲ್ಲ. ಕತ್ತರಿಸ್ತಿಲ್ಲ ಅತ್ತೆ, ಪಕ್ಕಕ್ಕೆ ಸರಿಸ್ತಿದೀನಿ ಅಂದೆ. ಫೋನಿನಲ್ಲಿ ಕತ್ತರಿಯೇ ಇಲ್ಲವಲ್ಲ ಎಂದು ಹಿಂದೆ ಮುಂದೆ ತಿರುಗಿಸಿ ನೋಡಿ ಒಪ್ಪಿಕೊಂಡರು.

ಆ ಫೋಟೋ ಸಿಕ್ಕಿದ್ದು ಗಣೇಶ ಕೂರಿಸಿದ ಐದನೆಯ ದಿನ. ನಾನು ತೆಗೆದದ್ದು ಪೆಂಡಾಲು. ಮಾರನೆಯ ಬೆಳಿಗ್ಗೆ ನೋಡಿದರೆ ನಟ್ಟನಡುವೆ ನಮ್ಮವರು ಕೈಕಟ್ಟಿ ಹೊಳೆಯುತ್ತಿದ್ದಾರೆ, ಅವರ ಹಿಂದಿನಿಂದ ಗಣೇಶ ಸೊಂಡಿಲು ಚಾಚಿ ನಾನೂ ಇದ್ದೇನೆ ಎನ್ನುತ್ತಿದ್ದಾನೆ. ಎಡಗಡೆ ಮೂಲೆಯಲ್ಲಿ, ತೆಗೆಯುವಾಗ ನನ್ನ ಕಣ್ಣಿಗೇ ಬಿದ್ದಿರದ ಅಂಕಮ್ಮ. ಜೋಳ ಸುಡುವ ಅಂಕಮ್ಮ ಬೀಸಣಿಗೆ ಎತ್ತಿ ಕೆಂಡಕ್ಕೆ ಒಂದು ಬೀಸು ಬೀಸಿದ್ದಾಳೆ. ಮುಖವೆಲ್ಲ ಕೆಂಪು. ಕಿಡಿಗಳು ಅವಳ ಬಲಗಡೆಗೆ, ಕತ್ತಲ ಕಡೆಗೆ ಹಾರುತ್ತಿವೆ.

ಫೋನಿಟ್ಟು ಹೋಗಿ ಇಡ್ಲಿ ಇಳಿಸಿ ಬಂದು ಮತ್ತೆ ನೋಡಿದೆ. ಅವಳು ಇನ್ನೂ ಹಾಗೇ ಇದ್ದಳು.

ದಿವ್ಯಳನ್ನು ಕೂರಿಸಿಕೊಂಡೆ. ಬಲಗಡೆಯಿಂದ ಬೆರಳಿಟ್ಟು ಎಳೆಯುತ್ತ ಬಂದೆ. ಅವಳಿಗೆ ಸ್ವಲ್ಪ ಅಳುಕಾಯಿತು.

"ದೇವ್ರನ್ನೂ ತೆಗೀತೀರಾ ಆಂಟಿ?"

"ಅವ್ನಿಗೆ ಊರ್ ತುಂಬಾ ಫೋಟೋ ಇದಾವೆ."

ದೇವರೂ ನಮ್ಮವರೂ ಒಂದೇ ಎಳೆತಕ್ಕೆ ಹೋದರು. ನಮ್ಮವರ ಒಂದು ಮೊಣಕೈ ಮಾತ್ರ ಉಳಿಯಿತು. ಅದನ್ನು ಅಳಿಸಿದರೆ ಆ ಜಾಗದಲ್ಲಿ ಮುದ್ದೆಯಂಥದ್ದೇನೋ ಮೂಡಿತು. ಮುದ್ದೆಯನ್ನೂ ಅಳಿಸಿದೆವು. ಉಳಿದದ್ದು ಎಡಕ್ಕೆ ಅಂಕಮ್ಮ, ಬಲಕ್ಕೆ ಕತ್ತಲು. ಆ ಕತ್ತಲು ದಂಡ, ಅದನ್ನೂ ತೆಗೆದು ಮುಖ ದೊಡ್ಡದು ಮಾಡಿ ಎಂದು ದಿವ್ಯ. ಕಿಡಿಗೆ ಹಾರಲು, ಹಾರಿ ಆರಲು ಜಾಗ ಬೇಕು ಎಂದು ನಾನು. ಎರಡು ದಿನ ವಾದ ನಡೆಯಿತು. ಮನೆ ಓನರ್ ಜೊತೆ ಎಷ್ಟಂತ ವಾದಿಸಿಯಾಳು ಪಾಪ, ಸೋತಳು.

ಜೆ.ಪಿ. ನಗರದ ಒಂದು ಖಾಸಗಿ ಗ್ರಂಥಾಲಯದಲ್ಲಿ 'ಸಂಜೆ ಏಳರ ಮೇಲೆ ನಮ್ಮ ಏರಿಯಾ' ಎಂದು ಫೋಟೋ ಪ್ರದರ್ಶನ ಇಟ್ಟಿದ್ದರು. ಸೋತ ದಿವ್ಯಳೇ ನನ್ನದನ್ನು ಕಳಿಸಿದಳು. ಆರಿಸಿದ ಇಪ್ಪತ್ತರಲ್ಲಿ ಅದೂ ಒಂದಾಯಿತು. ಮೂರಡಿ ಅಗಲಕ್ಕೆ ಪ್ರಿಂಟು ಹಾಕಿಸಿ ನಾವೇ ತರಬೇಕಿತ್ತು.

ಮೊದಲು ಅಂಕಮ್ಮನನ್ನು ಕೇಳಬೇಕಲ್ಲ. ಅವಳೂ ನಾನೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು, ನಾನು ದೊಡ್ಡ ಬೀದಿಗೆ, ಅವಳು ಕೆರೆ ಕಡೆಗೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ತೆಗೆದುಕೊಂಡಳು. ಎರಡು ಬೆರಳಿನಿಂದ ತನ್ನ ಮುಖವನ್ನು ದೊಡ್ಡದು ಮಾಡಿದಳು, ಚಿಕ್ಕದು ಮಾಡಿದಳು. ಆಮೇಲೆ ಬಲಗಡೆಯ ಕತ್ತಲಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಹುಡುಕಿದಳು.

"ನಾನೊಬ್ಳೇ ಇದೀನಾ ಅಕ್ಕ?"

"ಒಬ್ಳೇ."

"ಹಂಗೇ ಇರ್ಲಿ. ಮದ್ವೆ ಫೋಟೋದಾಗೆ ಇಪ್ಪತ್ತು ಜನ, ರೇಷನ್ ಕಾರ್ಡಲ್ಲಿ ಆರು ಜನ. ಇದ್ರಾಗೆ ಮಾತ್ರ ಯಾರ್ನೂ ತೂರಿಸ್ಬೇಡಿ."

ತೂರಿಸುವುದಿಲ್ಲ ಎಂದು ಮಾತು ಕೊಟ್ಟೆ. ಶನಿವಾರ ಆರು ಗಂಟೆಗೆ ಗಾಡಿಯನ್ನು ಮಗಳಿಗೆ ಒಪ್ಪಿಸಿ ನೋಡಲು ಬರುವುದೆಂದಾಯಿತು.

ಪ್ರಿಂಟಿಗೆ ಕೊಟ್ಟದ್ದು ಸಿದ್ದರಾಜುವಿನ ಫ್ಲೆಕ್ಸ್ ಅಂಗಡಿಗೆ. ಸಮಿತಿಯ ಬ್ಯಾನರುಗಳೆಲ್ಲ ಅವನದೇ. ಅಣ್ಣನ ಮನೆ ಕೆಲಸ ಅಕ್ಕ, ನೀವು ಬರೋದೇ ಬೇಡ, ಶನಿವಾರ ಸೀದಾ ಅಲ್ಲಿಗೇ ತಲುಪಿಸ್ತೀನಿ ಅಂದ. ನನಗೂ ಅನುಕೂಲವೇ ಆಯಿತು.

ಶನಿವಾರ ಐದೂವರೆಗೆ ಅತ್ತೆಯನ್ನು ಕರೆದುಕೊಂಡು ಆಟೋದಲ್ಲಿ ಹೋದೆ. ಕಾಫಿ ಕೊಡುತ್ತಾರೆ ಎಂದು ಗೊತ್ತಾದ ಮೇಲೆ ಅವರೇ ಹೊರಟು ನಿಂತಿದ್ದರು. ಗ್ರಂಥಾಲಯದ ಮಹಡಿಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ ಹಾಗೆ ಫೋಟೋಗಳನ್ನು ಕ್ಲಿಪ್ಪು ಹಾಕಿ ನೇತುಬಿಟ್ಟಿದ್ದರು. ಹೆಚ್ಚಿನವು ಟ್ರಾಫಿಕ್ಕಿನ ದೀಪಗಳು ಕೆಂಪು ದಾರದಂತೆ ಹರಿಯುವ ಫೋಟೋಗಳು. ಟ್ರಾಫಿಕ್ಕು ಅಷ್ಟು ಸಲೀಸಾಗಿ ಹರಿಯುವುದು ಫೋಟೋದಲ್ಲಿ ಮಾತ್ರ. ಕೊನೆಯಲ್ಲಿ ನನ್ನದು. ಅದರ ಮುಂದೆ ದಿವ್ಯ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

ಬಲಗಡೆಯ ಕತ್ತಲಿನಲ್ಲಿ, ಚಿನ್ನದ ಬಣ್ಣದ ದುಂಡು ಚೌಕಟ್ಟಿನೊಳಗೆ, ಪಿಳ್ಳಣ್ಣನವರು ಕೈಮುಗಿದು ನಿಂತಿದ್ದರು. ಹನ್ನೊಂದು ವರ್ಷದ ಹಿಂದಿನ ಫೋಟೋ, ಪ್ರತಿ ಹಬ್ಬದ ಬ್ಯಾನರಿಗೂ ಅದೇ. ತಲೆತುಂಬ ಕಪ್ಪು ಕೂದಲು. ಕೊರಳಿನ ಸರವನ್ನು ಅವರ ಕೋರಿಕೆಯ ಮೇರೆಗೆ ಸಿದ್ದರಾಜುವೇ ಹಿಂದೊಮ್ಮೆ ದಪ್ಪ ಮಾಡಿದ್ದ. ಅಂಕಮ್ಮನ ಒಲೆಯ ಕಿಡಿಗಳೆಲ್ಲ ನೇರವಾಗಿ ಅವರ ಮೀಸೆಯ ಕಡೆಗೆ ಹಾರುತ್ತಿದ್ದವು.

ಸಿದ್ದರಾಜುವಿಗೆ ಫೋನು ಮಾಡಿದೆ.

"ಅಷ್ಟೊಂದು ಜಾಗ ಖಾಲಿ ಬಿಟ್ಟಿದ್ರಲ್ಲ ಅಕ್ಕ. ಅಣ್ಣನ್ನ ಹಾಕೋಕೇ ಬಿಟ್ಟಿದೀರ ಅನ್ಕೊಂಡೆ."

ಅವನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಇಪ್ಪತ್ತು ವರ್ಷದಿಂದ ಅವನ ಅಂಗಡಿಗೆ ಬಂದ ಖಾಲಿ ಜಾಗವೆಲ್ಲ ಯಾರದೋ ಮುಖಕ್ಕಾಗಿಯೇ ಕಾದಿದ್ದು. ಖಾಲಿಯಾಗಿಯೇ ಇರಲೆಂದು ಜಾಗ ಬಿಟ್ಟವರನ್ನು ಅವನು ಕಂಡವನಲ್ಲ. ಇನ್ನೊಂದು ಪ್ರಿಂಟು ಬೇಕೆಂದರೆ ಎರಡು ಗಂಟೆ ಬೇಕಂತೆ. ಅಣ್ಣನಿಗೂ ಹೇಳಿದ್ದೇನೆ, ಬರುತ್ತಿದ್ದಾರೆ ಎಂದು ಸಂತೋಷದಿಂದ ತಿಳಿಸಿದ. ಗಂಟೆ ಆರಾಗಲು ಹದಿನೈದು ನಿಮಿಷವಿತ್ತು.

ಕೆಳಗಿನ ಮೇಜಿನಿಂದ ಕತ್ತರಿ ತಂದೆ. ಫ್ಲೆಕ್ಸಿನ ಅಂಚು ಹಿಡಿದೆ. ಬದುಕಿರುವವರ ಫೋಟೋ, ಆಯಸ್ಸು ಎಂಬುದೆಲ್ಲ ನೆನಪಿತ್ತು. ಇವರ ಆಯಸ್ಸಿಗಾಗಿ ನಾನು ಮಾಡಿದ ಉಪವಾಸಗಳೇನು ಕಡಿಮೆಯೇ? ಒಂದು ಕತ್ತರಿ ಏಟು ತಾಳುವಷ್ಟು ಆಯಸ್ಸನ್ನು ಖಂಡಿತ ಕೂಡಿಟ್ಟಿದ್ದೆ. ಆದರೆ ಅತ್ತೆ ನನ್ನ ಮುಂಗೈ ಹಿಡಿದುಕೊಂಡರು.

"ಬದುಕಿರೋ ಗಂಡನ್ಗೆ ಕತ್ತರಿ ಹಾಕ್ತಾರೇನೇ?"

ಅವರ ಇನ್ನೊಂದು ಕೈಯಲ್ಲಿ ಕಾಫಿ ಲೋಟ. ಅಂಕಮ್ಮನಿಗೆ ಮಾತು ಕೊಟ್ಟಿದ್ದೇನೆ ಎಂದು ವಿವರಿಸಿದೆ. ಅವಳೊಬ್ಬಳೇ ಇರಬೇಕು ಅಂದಿದ್ದಾಳೆ, ಈಗ ಬಂದು ನೋಡಿದರೆ ಏನು ಹೇಳಲಿ ಎಂದೆ. ಅತ್ತೆ ಫೋಟೋದ ಮುಂದೆ ನಿಂತು ಎರಡು ಗುಟುಕು ಕುಡಿದರು. ತಾವು ಹೆತ್ತ ಮುಖವನ್ನು ನೋಡಿದರು, ಜೋಳ ಸುಡುವವಳ ಮುಖವನ್ನು ನೋಡಿದರು. ಅವರ ಯಜಮಾನರೂ ಬಿಳಿ ಬಟ್ಟೆಯವರೇ ಆಗಿದ್ದರು. ಮನೆಯ ಗೋಡೆಯ ಮೇಲಿರುವ ಅವರಿಬ್ಬರ ದೊಡ್ಡ ಫೋಟೋದಲ್ಲಿ ಅತ್ತೆಯ ಪಾಲಿಗೆ ಬಂದಿರುವುದು ಅರ್ಧ ಭುಜ.

"ಕತ್ತರಿ ಬೇಡ. ಮಡಚು," ಅಂದರು. "ಇರ್ತಾನೆ. ಕಾಣಲ್ಲ ಅಷ್ಟೇ."

ದಿವ್ಯಳೂ ನಾನೂ ಸೇರಿ ಬಲಗಡೆಯ ತುದಿಯನ್ನು ಹಿಂದಕ್ಕೆ ಮಡಚಿದೆವು. ಮೇಲೊಂದು ಕೆಳಗೊಂದು ಕ್ಲಿಪ್ಪು ಹಾಕಿದೆವು. ನಮ್ಮವರು ಗೋಡೆಗೆ ಮುಖ ಮಾಡಿ ನಮಸ್ಕಾರ ಹಾಕುತ್ತ ನಿಂತರು. ಮುಂದೆ ಎರಡು ಬೆರಳಿನಷ್ಟು ಕತ್ತಲು ಉಳಿಯಿತು. ದೂರ ಹಾರಿದ್ದ ಕಿಡಿಗಳು ಅವರ ಜೊತೆಯಲ್ಲೇ ಹಿಂದಕ್ಕೆ ಹೋದವು.

"ನಾನು ಹೇಳಿದ್ದೂ ಇಷ್ಟೇ ಕ್ರಾಪ್ ಆಂಟಿ," ಅಂದಳು ದಿವ್ಯ. ಮುಂದಿನ ತಿಂಗಳು ಬಾಡಿಗೆ ಏರಿಸುತ್ತೇನೆ ಅಂದೆ.

ಅಂಕಮ್ಮ ಐದು ನಿಮಿಷ ಮುಂಚೆಯೇ ಬಂದಳು. ಇಸ್ತ್ರಿ ಮಾಡಿದ ಹಸಿರು ಸೀರೆ, ಮುಡಿತುಂಬ ಮಲ್ಲಿಗೆ. ಸೀದಾ ತನ್ನ ಮುಂದೆ ಹೋಗಿ ನಿಂತಳು. ಮೂರಡಿಯ ಅಂಕಮ್ಮನೂ ಐದಡಿಯ ಅಂಕಮ್ಮನೂ ಬಹಳ ಹೊತ್ತು ನೋಡಿಕೊಂಡರು. ಆಮೇಲೆ ಅವಳ ಕಣ್ಣು ಬಲಗಡೆಗೆ ಸರಿಯಿತು.

"ಈ ಕಡೆ ಇನ್ನೂ ಕತ್ಲೆ ಇತ್ತಲ್ಲ ಅಕ್ಕ?"

ಆ ಕತ್ತಲನ್ನು ಗಮನಿಸಿದವಳು ಇನ್ನೊಬ್ಬಳಿದ್ದಳು ಎಂದು ನನಗೆ ಆವರೆಗೆ ತಿಳಿದಿರಲಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅಂಗಡಿಯವನು ನಮ್ಮವರನ್ನು ತೂರಿಸಿದ್ದ, ಹಿಂದಕ್ಕೆ ಮಡಚಿದ್ದೇನೆ ಎಂದೆ. ಅವಳು ಅಂಚಿನಿಂದ ಬಗ್ಗಿ ಹಿಂದೆ ಇಣುಕಿದಳು. ತಿರುಗಿ ಬಂದಾಗ ಸೆರಗು ಬಾಯಲ್ಲಿತ್ತು, ಭುಜಗಳು ಕುಲುಕುತ್ತಿದ್ದವು.

ಅಷ್ಟರಲ್ಲಿ ನಮ್ಮವರು ಬಂದರು. ಮಹಡಿಯ ದೀಪಗಳೆಲ್ಲ ಒಂದು ಕ್ಷಣ ಮಂಕಾದವು. ಹಗ್ಗದ ಉದ್ದಕ್ಕೂ ಪ್ರತಿ ಫೋಟೋದ ಮುಂದೆ ನಿಂತು ತಮ್ಮನ್ನು ಹುಡುಕುತ್ತ ಕೊನೆಗೆ ನಮ್ಮ ಮುಂದೆ ನಿಂತರು.

"ಎಲ್ಲೇ ನಾನು? ಸಿದ್ದರಾಜು ಹಾಕಿದೀನಿ ಅಂದ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು, "ಹಿಂದಿದೀಯ. ಹೋಗಿ ನೋಡ್ಕೋ."

ನಮ್ಮವರು ನನ್ನ ಮುಖ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ. ಅಮ್ಮನ ಎದುರು ಸಮಿತಿ ಅಧ್ಯಕ್ಷರ ಆಟ ನಡೆಯುವುದಿಲ್ಲ. ಬಗ್ಗಿ ಹಗ್ಗದಡಿಯಿಂದ ತೂರಿ ಹಿಂದಕ್ಕೆ ಹೋದರು. ಈಗ ಕೂಗುತ್ತಾರೆ, ಕ್ಲಿಪ್ಪು ಕಿತ್ತು ಎಸೆಯುತ್ತಾರೆ ಎಂದುಕೊಂಡು ಕಾದೆ.

"ಕೂದ್ಲು ಚೆನ್ನಾಗ್ ಬಂದಿದೆ," ಎಂದಿತು ಫೋಟೋದ ಹಿಂದಿನಿಂದ ಧ್ವನಿ.

ಅಂಕಮ್ಮ ನನ್ನ ಕೈ ಒತ್ತಿದಳು. ಯಜಮಾನರು ಆಚೆ ಬರುವ ಮೊದಲೇ ಒಂದು ಫೋಟೋ ತೆಗೆಯಿರಿ ಎಂದು ಪಿಸುಗುಟ್ಟಿ, ತನ್ನ ಫೋಟೋದ ಪಕ್ಕ ನೆಟ್ಟಗೆ ನಿಂತಳು. ಮಲ್ಲಿಗೆಯನ್ನು ಭುಜದ ಮೇಲಿನಿಂದ ಮುಂದಕ್ಕೆ ತಂದುಕೊಂಡಳು. ಹಲ್ಲು ಕಾಣುವ ಹಾಗೆ ನಕ್ಕಳು.

ಫೋನಿನಲ್ಲಿ ನೋಡಿದೆ. ಎಲ್ಲ ಸರಿಯಿತ್ತು, ಫ್ಲೆಕ್ಸಿನ ಕೆಳಗೆ ಎರಡು ಬಿಳಿ ಚಪ್ಪಲಿಗಳು ಹೊಳೆಯುತ್ತಿದ್ದವು ಅಷ್ಟೇ. ಫೋನನ್ನು ಸ್ವಲ್ಪ ಮೇಲಕ್ಕೆತ್ತಿದೆ.